ಹಳೇ ಬುಲೆಟ್‌ನ ಪ್ರೈಮರಿ ಕಡೆ ಬೇರಿಂಗ್ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮನೆಗಳಲ್ಲಿ ಹಳೇ ಬುಲೆಟ್ 350 ಇನ್ನೂ ಓಡುತ್ತಿವೆ. ಅಪ್ಪನೋ ಅಜ್ಜನೋ ಕೊಂಡ ಗಾಡಿ, ಮಾರುವ ಮನಸ್ಸಿಲ್ಲ, ಆದರೆ ಎಡಗಡೆಯಿಂದ, ಅಂದರೆ ಇಂಜಿನ್ ಬಲವನ್ನು ಕ್ಲಚ್ಚಿಗೆ ಒಯ್ಯುವ ಪ್ರೈಮರಿ ಚೈನ್ ಇರುವ ಕಡೆಯಿಂದ, ಏನೋ ಸದ್ದು. ಇಂಥ ಗಾಡಿ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಎರಕದ ಕಬ್ಬಿಣದ ಬ್ಯಾರಲ್, ನಾಲ್ಕು ಗೇರು, ಬಲಗಾಲಲ್ಲಿ ಗೇರ್ ಹಾಕುವ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಇಂಜಿನ್ ಮತ್ತು ಗೇರ್ ಬಾಕ್ಸ್ ಒಂದೇ ಕೇಸಿನಲ್ಲಿರುವ ಈಚಿನ ಬುಲೆಟ್‌ಗಳಿಗೆ ಇಲ್ಲಿನ ಅಳತೆಗಳನ್ನು ಹಾಕಬೇಡಿ.

ಪ್ರೈಮರಿ ಬೇರಿಂಗ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳಿದರು. ಅದು ಯಾವ ಬೇರಿಂಗ್?

ಮೊದಲು ಇದನ್ನೇ ಅವರಿಗೆ ತಿರುಗಿ ಕೇಳಿ. ಪ್ರೈಮರಿ ಬೇರಿಂಗ್ ಅನ್ನುವ ಒಂದೇ ಒಂದು ಬೇರಿಂಗ್ ಈ ಗಾಡಿಯಲ್ಲಿಲ್ಲ.

ಎಡಗಡೆಯ ಉದ್ದನೆ ಅಲ್ಯೂಮಿನಿಯಂ ಕೇಸಿನೊಳಗೆ ಕ್ರ್ಯಾಂಕಿನ (ಪಿಸ್ಟನ್ ಸುತ್ತಿಸುವ ಇಂಜಿನ್ ಶಾಫ್ಟು) ತುದಿಯಲ್ಲಿ ಒಂದು ಚಿಕ್ಕ ಸ್ಪ್ರಾಕೆಟ್, ಹಿಂದೆ ಕ್ಲಚ್ ಡ್ರಮ್ಮಿನ ಮೇಲೆ ದೊಡ್ಡ ಸ್ಪ್ರಾಕೆಟ್, ನಡುವೆ ಜೋಡಿ ಸಾಲಿನ ಚೈನ್. 350ರಲ್ಲಿ ಚಿಕ್ಕದಕ್ಕೆ 25 ಹಲ್ಲು, ದೊಡ್ಡದಕ್ಕೆ 56. ಅಂದರೆ ಇಂಜಿನ್ 2.24 ಸುತ್ತು ಸುತ್ತಿದಾಗ ಕ್ಲಚ್ ಒಂದು ಸುತ್ತು. ಈ ಚೈನ್ ಎಳೆಯುವ ಭಾರವನ್ನು ನಾಲ್ಕು ಕಡೆಯ ಬೇರಿಂಗ್‌ಗಳು ಹೊರುತ್ತವೆ. ಕ್ರ್ಯಾಂಕಿನ ಎಡಗಡೆಯವು, ಕ್ಲಚ್ ಡ್ರಮ್ಮಿನ ನಡುವಿನದು, ಗೇರ್ ಬಾಕ್ಸಿನ ಎಡಬದಿಯಲ್ಲಿ ಸ್ಲೀವ್ ಗೇರನ್ನು (ಮೇನ್ ಶಾಫ್ಟಿನ ಸುತ್ತ ಕೊಳವೆಯಂತಿರುವ ಗೇರು) ಹಿಡಿದಿರುವ ದೊಡ್ಡದು, ಗೇರ್ ಬಾಕ್ಸಿನ ಬಲಬದಿಯಲ್ಲಿ ಕ್ಲಚ್ ಕೂತಿರುವ ಮೇನ್ ಶಾಫ್ಟಿನ ತುದಿ ಹಿಡಿದಿರುವುದು. ಇವುಗಳಲ್ಲಿ ಡ್ರಮ್ಮಿನದು ಹೋದರೆ ಒಂದು ಮಧ್ಯಾಹ್ನದ ಕೆಲಸ. ಕ್ರ್ಯಾಂಕಿನದು ಹೋದರೆ ಇಂಜಿನ್ ಕೆಳಗಿಳಿಸಿ ಪೂರ್ತಿ ಬಿಚ್ಚಬೇಕು. ಎರಡಕ್ಕೂ ಖರ್ಚಿನಲ್ಲಿ ಅಜಗಜಾಂತರ. ಅದಕ್ಕೇ ಯಾವುದು ಅಂತ ಗೊತ್ತಾಗದೆ ಸ್ಪಾನರ್ ಎತ್ತಬಾರದು.

ಬಿಚ್ಚದೆಯೇ ಯಾವುದು ಅಂತ ಹೇಗೆ ಕಂಡುಹಿಡಿಯುವುದು?

ಕ್ಲಚ್ ಲಿವರ್ ಒಂದರಿಂದಲೇ ಮುಕ್ಕಾಲು ಪಾಲು ತಿಳಿಯುತ್ತದೆ. ಗಾಡಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ ತಂದು ಸೆಂಟರ್ ಸ್ಟ್ಯಾಂಡ್ ಹಾಕಿ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್ ಬಿಡಿ. ಉದ್ದನೆ ಸ್ಕ್ರೂ ಡ್ರೈವರಿನ ತುದಿಯನ್ನು ಕೇಸಿಗೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳಿ.

ಕ್ಲಚ್ ಬಿಟ್ಟಿರುವಾಗ ಡ್ರಮ್ಮು, ಪ್ಲೇಟು, ನಡುವಿನ ಹಬ್ಬು, ಮೇನ್ ಶಾಫ್ಟು ಎಲ್ಲ ಒಟ್ಟಿಗೇ ಸುತ್ತುತ್ತವೆ. ಹಾಗಾಗಿ ಡ್ರಮ್ಮಿನ ಬೇರಿಂಗಿಗೆ ಆಗ ಕೆಲಸವೇ ಇಲ್ಲ, ಒಳಗಿನ ರೇಸು ಹೊರಗಿನ ರೇಸು (ಬಾಲ್‌ಗಳು ಓಡುವ ಉಕ್ಕಿನ ಬಳೆಗಳು) ಜೊತೆಜೊತೆಗೆ ತಿರುಗುತ್ತಿರುತ್ತವೆ. ಕ್ಲಚ್ ಹಿಡಿದಾಗ ಡ್ರಮ್ಮು ಇಂಜಿನ್ ಜೊತೆ ಸುತ್ತುತ್ತದೆ, ಶಾಫ್ಟು ನಿಲ್ಲುತ್ತದೆ. ಈಗ ಡ್ರಮ್ಮಿನ ಬೇರಿಂಗ್ ಕೆಲಸ ಮಾಡಲೇಬೇಕು, ಗೇರ್ ಬಾಕ್ಸಿನದಕ್ಕೆ ವಿಶ್ರಾಂತಿ.

ಹೀಗಾಗಿ ಕ್ಲಚ್ ಹಿಡಿದಾಗ ಮಾತ್ರ ಗರ್ ಅಂದರೆ ಡ್ರಮ್ಮಿನ ಬೇರಿಂಗ್ ಮೇಲೆ, ಇಲ್ಲವೇ ಕ್ಲಚ್ ಒತ್ತುವ ಪುಶ್ ರಾಡಿನ ಮೇಲೆ ಅನುಮಾನ. ಕ್ಲಚ್ ಹಿಡಿದ ಕೂಡಲೇ ಸದ್ದು ನಿಂತರೆ ಗೇರ್ ಬಾಕ್ಸಿನ ಮೇನ್ ಶಾಫ್ಟ್ ಬೇರಿಂಗ್. ಹಿಡಿದರೂ ಬಿಟ್ಟರೂ ಒಂದೇ ಸಮ ಇದ್ದು ಆಕ್ಸಲರೇಟರಿನ ಜೊತೆ ಏರಿದರೆ ಕ್ರ್ಯಾಂಕ್ ಕಡೆ ಅಥವಾ ಚೈನ್.

ಒಂದು ಎಚ್ಚರಿಕೆ ಇದೆ. ಎಣ್ಣೆ ದಪ್ಪಗಿದ್ದರೆ ಕ್ಲಚ್ ಹಿಡಿದರೂ ಪ್ಲೇಟುಗಳು ಅಂಟಿಕೊಂಡು ಶಾಫ್ಟನ್ನು ಎಳೆಯುತ್ತಲೇ ಇರುತ್ತವೆ. ಆಗ ಪರೀಕ್ಷೆ ಸುಳ್ಳು ಹೇಳುತ್ತದೆ. ಅನುಮಾನ ಬಂದರೆ ಕ್ಲಚ್ ಹಿಡಿದು ಮೊದಲ ಗೇರ್ ಹಾಕಿ, ಹಿಂದಿನ ಬ್ರೇಕ್ ಒತ್ತಿಟ್ಟು ಕೇಳಿ. ಶಾಫ್ಟ್ ಖಂಡಿತ ನಿಂತಿರುತ್ತದೆ. ಮುಂದೆ ಯಾರೂ ನಿಂತಿರಬಾರದು.

ಸ್ಲೀವ್ ಗೇರ್ ಬೇರಿಂಗ್ ಈ ಪರೀಕ್ಷೆಗೆ ಸಿಗುವುದಿಲ್ಲ. ಅದು ಹಿಂದಿನ ಚೈನ್ ಸ್ಪ್ರಾಕೆಟ್ಟಿನ ಜೊತೆ ಇರುವಂಥದ್ದು, ಗಾಡಿ ಓಡಿದರೆ ಮಾತ್ರ ಸುತ್ತುತ್ತದೆ. ಬೇಲೂರು ರಸ್ತೆಯಂಥ ಸಮತಟ್ಟಾದ ಕಡೆ ಕ್ಲಚ್ ಹಿಡಿದು ಗಾಡಿಯನ್ನು ಹಾಗೇ ತೇಲಿಸಿ. ಇಂಜಿನ್ ಐಡ್ಲಿಂಗಿಗೆ ಬಂದರೂ ಚಕ್ರದ ವೇಗಕ್ಕೆ ತಕ್ಕಂತೆ ಗೊರಗೊರ ಮುಂದುವರಿದರೆ ಅದು ಸ್ಲೀವ್ ಗೇರ್ ಬೇರಿಂಗ್ ಅಥವಾ ಹಿಂದಿನ ಚಕ್ರದ ಬೇರಿಂಗ್. ಚಕ್ರದ್ದನ್ನು ಮೊದಲು ನೋಡಿ, ಅದು ಸುಲಭ.

ಬೇರಿಂಗ್ ಅಲ್ಲದೆ ಬೇರೆ ಏನಾದರೂ ಇರಬಹುದಾ?

ಇರಬಹುದು, ಬಹಳ ಸಲ ಹಾಗೇ ಇರುತ್ತದೆ. ಪ್ರೈಮರಿ ಚೈನ್ ಸಡಿಲವಾಗಿ ಕೇಸಿಗೆ ಬಡಿಯುವುದು ಮೊದಲನೆಯದು. ಇದು ಐಡ್ಲಿಂಗಿನಲ್ಲಿ ಲಟಲಟ ಅನ್ನುತ್ತದೆ, ಸ್ವಲ್ಪ ಆಕ್ಸಲರೇಟರ್ ಕೊಟ್ಟರೆ ಮರೆಯಾಗುತ್ತದೆ. ಎರಡನೆಯದು ಕ್ರ್ಯಾಂಕ್ ತುದಿಯ ಆಲ್ಟರ್ನೇಟರ್ ರೋಟರ್ (ಕರೆಂಟ್ ಹುಟ್ಟಿಸಲು ಸುತ್ತುವ ಅಯಸ್ಕಾಂತ) ಸಡಿಲವಾಗಿರುವುದು. ಇದರ ಟಕಟಕ ಕೇಳಿ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್) ಹೋಯಿತು ಅಂತ ಇಂಜಿನ್ ಬಿಚ್ಚಿಸಿದವರಿದ್ದಾರೆ. ನಟ್ ಬಿಗಿದಿದ್ದರೆ ಸಾಕಿತ್ತು.

ಆದರೆ ರೋಟರ್ ತನ್ನ ಸುತ್ತ ಅಲುಗದೆ ನಿಂತಿರುವ ಸ್ಟೇಟರಿಗೆ (ತಂತಿ ಸುತ್ತಿದ ಬಳೆ) ಉಜ್ಜುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟೇಟರಿನ ಒಳಮೈಯಲ್ಲಿ ಒಂದೇ ಕಡೆ ಕನ್ನಡಿಯಂತೆ ಹೊಳೆಯುವ ಗೀರು ಕಂಡರೆ, ಸ್ಟೇಟರ್ ಕೂತಿರುವುದೇ ಓರೆಯಾಗಿರಬೇಕು, ಇಲ್ಲವೇ ಕ್ರ್ಯಾಂಕ್ ಬೇರಿಂಗ್ ಸವೆದು ತುದಿ ಓಲಾಡುತ್ತಿರಬೇಕು. ಇವೆರಡರ ನಡುವೆ ಸುತ್ತಲೂ ಕನಿಷ್ಠ 0.2 ಮಿ.ಮೀ. ಸಂದು ಇರಬೇಕು. ಫೀಲರ್ ಗೇಜಿನ (ಸಂದು ಅಳೆಯುವ ತೆಳು ಪಟ್ಟಿಗಳು) 8 ಥೌ, ಅಂದರೆ ಇಂಚಿನ ಸಾವಿರದ 8 ಭಾಗದ ಪಟ್ಟಿ ಎಲ್ಲಾ ಕಡೆ ಸಲೀಸಾಗಿ ಹೋಗಬೇಕು.

ಕೇಸ್ ಬಿಚ್ಚುವುದು ಮನೆಯಲ್ಲೇ ಆಗುತ್ತಾ?

ಆಗುತ್ತದೆ. ಹೊರಗಿನ ಕವರನ್ನು ನಡುವಿನ ಒಂದೇ ದೊಡ್ಡ ನಟ್ ಹಿಡಿದಿರುತ್ತದೆ. ಎಡಗಡೆ ಫುಟ್ ರೆಸ್ಟ್ ಮತ್ತು ಬ್ರೇಕ್ ಪೆಡಲ್ ತೆಗೆದರೆ ದಾರಿ ಆಗುತ್ತದೆ. ಕವರ್ ಅಲುಗಿದ ಕೂಡಲೇ ಎಣ್ಣೆ ಸುರಿಯುತ್ತದೆ, ಮೊದಲೇ ಕೆಳಗೆ ಅಗಲವಾದ ಟ್ರೇ ಇಡಿ. ಸ್ಟೇಟರ್ ತೆಗೆಯುವಾಗ ಯಾವ ಮುಖ ಹೊರಗಿತ್ತು, ವೈರ್ ಯಾವ ಕಡೆಯಿಂದ ಬಂದಿತ್ತು ಅಂತ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ರೋಟರ್ ಅಯಸ್ಕಾಂತ, ನೆಲದ ಮೇಲಿಟ್ಟರೆ ಕಬ್ಬಿಣದ ಪುಡಿಯೆಲ್ಲ ಮೆತ್ತಿಕೊಳ್ಳುತ್ತದೆ. ಬಟ್ಟೆಯಲ್ಲಿ ಸುತ್ತಿಡಿ. ಅದರಡಿಯ ಅರ್ಧಚಂದ್ರದ ಆಕಾರದ ಪುಟ್ಟ ಕೀ ಕಳೆಯಬೇಡಿ.

ಚೈನಿಗೆ ಜಾಯಿಂಟ್ ಲಾಕ್ ಇಲ್ಲದಿದ್ದರೆ ಇಂಜಿನ್ ಸ್ಪ್ರಾಕೆಟ್, ಚೈನ್, ಕ್ಲಚ್ ಮೂರೂ ಒಟ್ಟಿಗೇ ಹೊರಗೆ ಬರಬೇಕು. ಇಲ್ಲಿ ಪುಲ್ಲರ್ (ಬಿಗಿಯಾಗಿ ಕೂತದ್ದನ್ನು ನೇರವಾಗಿ ಎಳೆದು ತೆಗೆಯುವ ಸಲಕರಣೆ) ಇಲ್ಲದೆ ಕೈ ಹಾಕಬೇಡಿ. ಒಳಗಿನ ಕೇಸಿಗೆ ಟೈರ್ ಲಿವರ್ ಆನಿಸಿ ಮೀಟಿದರೆ ಅಲ್ಯೂಮಿನಿಯಂ ಸೀಳುತ್ತದೆ, ಆಮೇಲೆ ಜೀವನಪೂರ್ತಿ ಎಣ್ಣೆ ಸೋರಿಕೆ. ಯಾವ ನಟ್ ಆಗಲಿ, ಥ್ರೆಡ್ ಯಾವ ಕಡೆಗೆ ಅಂತ ಟಾರ್ಚ್ ಬಿಟ್ಟು ನೋಡಿಯೇ ಬಲ ಹಾಕಿ. ಹಳೇ ಗಾಡಿಗಳಲ್ಲಿ ಉಲ್ಟಾ ಥ್ರೆಡ್ ಇರುವ ಕಡೆ ನಾಲ್ಕಡಿ ಪೈಪ್ ಸಿಕ್ಕಿಸಿ ತಪ್ಪು ದಿಕ್ಕಿಗೆ ತಿರುಗಿಸಿದರೆ ಶಾಫ್ಟೇ ಹೋಗುತ್ತದೆ.

ಬಿಚ್ಚಿದ ಮೇಲೆ ಏನೇನು ಅಲ್ಲಾಡಿಸಿ ನೋಡಬೇಕು?

ಕ್ಲಚ್ ತೆಗೆಯುವ ಮುಂಚೆಯೇ ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಡ್ರಮ್ಮು ಮಾತ್ರ ಅಲ್ಲಾಡಿ ನಡುವಿನ ನಟ್ ಅಲುಗದೆ ಇದ್ದರೆ ಡ್ರಮ್ಮಿನ ಬೇರಿಂಗ್ ಸವೆದಿದೆ. ನಟ್ಟೂ ಜೊತೆಗೆ ಅಲ್ಲಾಡಿದರೆ ರೋಗ ಹಿಂದೆ ಇದೆ. ಸ್ಲೀವ್ ಗೇರಿನೊಳಗೆ ಮೇನ್ ಶಾಫ್ಟ್ ಸುತ್ತುವ ಬುಷ್ (ಬಾಲ್ ಇಲ್ಲದ ಲೋಹದ ಕೊಳವೆ) ಸವೆದಿರಬಹುದು, ಅಥವಾ ಸ್ಲೀವ್ ಗೇರನ್ನು ಹಿಡಿದ ಬೇರಿಂಗೇ ಹೋಗಿರಬಹುದು. ಹಿಂದಿನ ಚೈನ್ ಸ್ಪ್ರಾಕೆಟ್ ಹಿಡಿದು ಅಲ್ಲಾಡಿಸಿದರೆ ಅದೂ ಬೇರೆಯಾಗಿ ತಿಳಿಯುತ್ತದೆ. ಬುಷ್ ಸವೆದ ಗಾಡಿಗಳಲ್ಲಿ ಬರೀ ಬೇರಿಂಗ್ ಹಾಕಿ ಕಳಿಸುವುದನ್ನು ಬಹಳ ಕಂಡಿದ್ದೇನೆ. ಮುಂದಿನ ಮಳೆಗಾಲಕ್ಕೆ ಅದೇ ಗಾಡಿ ಅದೇ ಸದ್ದಿನೊಂದಿಗೆ ವಾಪಸು.

ಚೈನ್ ತೆಗೆದ ಮೇಲೆ ಕ್ರ್ಯಾಂಕ್ ತುದಿ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ. ಒಳಗೆ ಹೊರಗೆ ತುಸು ಸರಿದರೆ ಗಾಬರಿ ಬೇಡ. ಮೇಲೆ ಕೆಳಗೆ ಕೈಗೆ ತಿಳಿಯುವಷ್ಟು ಆಡಿದರೆ ಮುಗಿಯಿತು, ಇಂಜಿನ್ ಇಳಿಸಲೇಬೇಕು.

ಎಣ್ಣೆ ನೋಡಿ ಏನಾದರೂ ಗೊತ್ತಾಗುತ್ತಾ?

ತುಂಬಾ ಗೊತ್ತಾಗುತ್ತದೆ. ಪ್ರೈಮರಿ ಎಣ್ಣೆ ಇಂಜಿನ್ ಎಣ್ಣೆಯಿಂದ ಬೇರೆ, ಗೇರ್ ಬಾಕ್ಸಿನದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸುಮಾರು 400 ಮಿ.ಲೀ. ಹಿಡಿಯುತ್ತದೆ, ಕವರಿನ ಮೇಲಿನ ಲೆವೆಲ್ ಸ್ಕ್ರೂ ತೆಗೆದಾಗ ಎಣ್ಣೆ ಜಿನುಗಿ ನಿಂತರೆ ಮಟ್ಟ ಸರಿ.

ಹಾಕಿದ್ದಕ್ಕಿಂತ ಮಟ್ಟ ಏರುತ್ತಾ ಹೋದರೆ ಕ್ರ್ಯಾಂಕಿನ ಎಡಗಡೆ ಆಯಿಲ್ ಸೀಲ್ ಸೋತು ಇಂಜಿನ್ ಎಣ್ಣೆ ಇತ್ತ ಬರುತ್ತಿದೆ. ಹೊಸ ಸೀಲ್ ಹಾಕಿದರೂ ಬೇಗನೆ ಹೋಗುತ್ತಿದ್ದರೆ ಸೀಲಿನ ತಪ್ಪಲ್ಲ, ಒಳಗಿನ ಬೇರಿಂಗ್ ಸವೆದು ಶಾಫ್ಟ್ ಓಲಾಡಿ ಸೀಲಿನ ತುಟಿಯನ್ನು ತಿನ್ನುತ್ತಿದೆ. ಮಟ್ಟ ಇಳಿಯುತ್ತಾ ಗಾಡಿ ನಿಲ್ಲಿಸಿದ ಕಡೆ ಮಚ್ಚೆ ಬಿದ್ದರೆ ಕವರಿನ ರಬ್ಬರ್ ರಿಂಗ್ ನೋಡಿ, ಅದು ಚೆನ್ನಾಗಿದ್ದರೆ ಗೇರ್ ಬಾಕ್ಸ್ ಶಾಫ್ಟ್ ಹೊರಬರುವ ಜಾಗ ನೋಡಿ.

ನಮ್ಮ ಕಡೆ ವಿಶೇಷವಾಗಿ ನೋಡಬೇಕಾದದ್ದು ನೀರು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಶೆಡ್ಡಿನಲ್ಲೇ ನಿಂತು, ಮಧ್ಯೆ ಒಮ್ಮೊಮ್ಮೆ ತೋಟದ ಗೇಟಿನವರೆಗೆ ಹೋಗಿ ಬಂದರೆ ಇಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಗಾಳಿಯ ತೇವ ಕೇಸಿನೊಳಗೆ ಹನಿಗಟ್ಟಿ ಎಣ್ಣೆಗೆ ಸೇರುತ್ತದೆ. ಮಳೆಗಾಲ ಮುಗಿದು ಕವರ್ ತೆಗೆದಾಗ ಹಾಲು ಹೆಚ್ಚಾದ ಕಾಫಿಯ ಹಾಗೆ ಬೆಳ್ಳಗೆ ಕಂದಿದ ಎಣ್ಣೆ ಬಂದರೆ ಬೇರಿಂಗ್ ರೇಸಿನ ಮೇಲೆ ತುಕ್ಕಿನ ಚುಕ್ಕಿ ಇರುವ ಸಾಧ್ಯತೆ ಹೆಚ್ಚು. ಆ ಚುಕ್ಕಿಯಿಂದಲೇ ಲೋಹ ಪದರ ಏಳಲು ಶುರುವಾಗುವುದು.

ಕಾರಿಗೆಂದು ಬರುವ, ಇಂಧನ ಉಳಿಸುತ್ತದೆ ಎಂದು ಡಬ್ಬದ ಮೇಲೆ ಬರೆದಿರುವ ತೆಳು ಎಣ್ಣೆ ಬೇಡ, ಕ್ಲಚ್ ಜಾರುತ್ತದೆ. 20ಡಬ್ಲ್ಯು-50, ಜಾಸೋ ಎಂಎ (ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಒಗ್ಗುವ ದರ್ಜೆ) ಎಂದು ಮುದ್ರಿಸಿರುವ ಬೈಕ್ ಎಣ್ಣೆ ಹಾಕಿ.

ತೆಗೆದ ಬೇರಿಂಗ್ ಚೆನ್ನಾಗಿದೆಯೋ ಇಲ್ಲವೋ ಹೇಗೆ ಹೇಳುವುದು?

ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಎರಡು ಮೂರು ಸಲ ತೊಳೆದು, ಒಣಗಿಸಿ, ಒಂದು ಹನಿ ತೆಳು ಎಣ್ಣೆ ಬಿಟ್ಟು ಬೆರಳಲ್ಲಿ ನಿಧಾನವಾಗಿ ತಿರುಗಿಸಿ. ಕೊಳೆ ಇದ್ದಾಗ ಯಾವ ಬೇರಿಂಗೂ ಕೆಟ್ಟಂತೆಯೇ ಕಾಣುತ್ತದೆ, ತೊಳೆದ ಮೇಲೂ ಬೆರಳಿಗೆ ಕಚಕಚ ತಾಗಿದರೆ ಕೆಟ್ಟಿದೆ. ಪಂಚರ್ ಅಂಗಡಿಯ ಗಾಳಿ ಬಿಟ್ಟು ಗಿರ್ರನೆ ತಿರುಗಿಸುವ ಚಟ ಬಹಳ ಮಂದಿಗಿದೆ. ಎಣ್ಣೆ ಇಲ್ಲದೆ ಅಷ್ಟು ವೇಗದಲ್ಲಿ ಸುತ್ತಿದರೆ ಒಳ್ಳೇ ಬೇರಿಂಗೂ ಗೀಚಿ ಹೋಗುತ್ತದೆ, ಜೊತೆಗೆ ಕಣ್ಣಿಗೂ ಅಪಾಯ.

ಬಿಸಿಲಿಗೆ ಹಿಡಿದು ರೇಸ್ ನೋಡಿ. ಸರಿಯಿದ್ದರೆ ಬಾಲ್ ಓಡಿದ ದಾರಿ ಮಾಸಲು ಬೂದಿ ಬಣ್ಣದ ಒಂದೇ ಅಗಲದ ಪಟ್ಟಿಯಾಗಿ ಸುತ್ತಲೂ ಇರುತ್ತದೆ. ಆ ಪಟ್ಟಿ ಒಂದು ಕಡೆ ಅಂಚಿಗೆ ಹತ್ತಿ, ಎದುರಿನ ಕಡೆ ಇನ್ನೊಂದು ಅಂಚಿಗೆ ಇಳಿದಿದ್ದರೆ ಬೇರಿಂಗ್ ಓರೆಯಾಗಿ ಕೂತಿತ್ತು ಎಂದರ್ಥ. ಬಾಲ್‌ಗಳ ನಡುವಿನ ಅಂತರಕ್ಕೆ ಸರಿಯಾಗಿ ಸಾಲಾಗಿ ಗುಳಿಗಳಿದ್ದರೆ ಹಾಕುವಾಗ ಯಾರೋ ಸುತ್ತಿಗೆಯಲ್ಲಿ ಬಡಿದಿದ್ದಾರೆ. ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಯಿಲ್ಲದೆ ಕಾದಿದೆ. ಚೂರು ಚೂರಾಗಿ ಲೋಹ ಎದ್ದಿದ್ದರೆ ವಯಸ್ಸು ಅಥವಾ ತುಕ್ಕು. ಈ ಗುರುತುಗಳನ್ನು ಓದದೆ ಹಳೇ ಬೇರಿಂಗನ್ನು ಗುಜರಿಗೆ ಎಸೆಯಬೇಡಿ. ಹೊಸದು ಯಾಕೆ ಉಳಿಯುತ್ತದೆ ಅಥವಾ ಯಾಕೆ ಹೋಗುತ್ತದೆ ಅನ್ನುವುದೆಲ್ಲ ಅದರಲ್ಲೇ ಇದೆ.

ಹೊಸ ಬೇರಿಂಗ್ ಎಲ್ಲಿ, ಹೇಗೆ ಕೇಳಿ ತರಬೇಕು?

ಬುಲೆಟ್ ಪ್ರೈಮರಿ ಬೇರಿಂಗ್ ಕೊಡಿ ಅಂತ ಕೇಳಬೇಡಿ. ಹಳೇದರ ಮೇಲೆ ಕೊರೆದಿರುವ ನಂಬರನ್ನು ಪೂರ್ತಿ ಬರೆದುಕೊಂಡು ಹೋಗಿ, ಸಾಧ್ಯವಾದರೆ ಬೇರಿಂಗನ್ನೇ ಒಯ್ಯಿರಿ. ಹಾಸನ ಮತ್ತು ಚಿಕ್ಕಮಗಳೂರಿನಲ್ಲಿ ಪಂಪು, ಮೋಟಾರು, ಟ್ರ್ಯಾಕ್ಟರಿನ ಬೇರಿಂಗ್ ಮಾರುವ ಅಂಗಡಿಗಳಲ್ಲೇ ಹೆಚ್ಚಿನವು ಸಿಗುತ್ತವೆ. ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ.

ನಂಬರ್ ಓದುವುದು ಕಷ್ಟವಲ್ಲ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ, 04ರಿಂದ ಮೇಲೆ ಈ ಲೆಕ್ಕ ಸರಿ. 6305 ಅಂದರೆ ಒಳಗೆ 25, ಹೊರಗೆ 62, ಅಗಲ 17 ಮಿ.ಮೀ. ಇರುವ ಬಾಲ್ ಬೇರಿಂಗ್. ಎನ್‌ಯು 305 ಅಂದರೂ ಅಳತೆ ಅದೇ, 25, 62, 17. ಆದರೆ ಅದರೊಳಗೆ ಬಾಲ್ ಅಲ್ಲ, ರೋಲರ್ ಇದೆ. ಭಾರ ಹೊರುವುದು ರೋಲರಿನಲ್ಲಿ ಹೆಚ್ಚು, ಆದರೆ ಎನ್‌ಯು ಮಾದರಿ ಶಾಫ್ಟನ್ನು ಅಡ್ಡಕ್ಕೆ ಹಿಡಿದು ನಿಲ್ಲಿಸುವುದಿಲ್ಲ. ಎನ್‌ಜೆ ಒಂದು ಕಡೆಗೆ ಮಾತ್ರ ಹಿಡಿಯುತ್ತದೆ. ಅಂಗಡಿಯವರು ಒಂದೇ ಸೈಜು ಹಾಕಿಕೊಳ್ಳಿ ಅಂದರೆ ಒಪ್ಪಬೇಡಿ. ರೋಲರಿದ್ದ ಜಾಗಕ್ಕೆ ರೋಲರೇ, ಬಾಲ್ ಇದ್ದ ಜಾಗಕ್ಕೆ ಬಾಲೇ ಹೋಗಬೇಕು.

ನಂಬರಿನ ಹಿಂದೆ ಸಿ3 ಎಂದಿದ್ದರೆ ಅದನ್ನೂ ಬಿಡಬೇಡಿ. ಒಳಗೆ ಮಾಮೂಲಿಗಿಂತ ಹೆಚ್ಚು ಸಂದು ಬಿಟ್ಟು ಮಾಡಿದ್ದು ಎಂದು ಅದರ ಅರ್ಥ. ಬಿಸಿಯಾಗುವ, ಬಿಗಿಯಾಗಿ ಕೂರುವ ಜಾಗಕ್ಕೆ ಬೇಕಾದದ್ದು. ಎಸ್‌ಕೆಎಫ್, ಎಫ್‌ಎಜಿ, ಎನ್‌ಬಿಸಿ ಯಾವುದಾದರೂ ಆಗಬಹುದು, ನಕಲಿ ಆಗಿರಬಾರದು ಅಷ್ಟೆ. ಪೆಟ್ಟಿಗೆಯ ಮುದ್ರಣ ಮಸುಕಾಗಿದ್ದು ಬೇರಿಂಗಿನ ಮೇಲಿನ ಅಕ್ಷರ ಒರಟಾಗಿದ್ದರೆ ಬಿಲ್ ಕೇಳಿ. ಬಿಲ್ ಕೊಡಲು ಹಿಂದೆಮುಂದೆ ನೋಡಿದರೆ ಮುಂದಿನ ಅಂಗಡಿಗೆ ಹೋಗಿ.

ಸುತ್ತಿಗೆಯಲ್ಲಿ ಬಡಿದು ಹಾಕಬಹುದಾ?

ದಯವಿಟ್ಟು ಬೇಡ. ಶಾಖದ ಸಹಾಯ ತೆಗೆದುಕೊಳ್ಳಿ. ಕೇಸು ಅಲ್ಯೂಮಿನಿಯಂ, ಬೇರಿಂಗ್ ಉಕ್ಕು. ಅದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕೇಸನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಿದರೆ 62 ಮಿ.ಮೀ. ರಂಧ್ರ ಸುಮಾರು 0.1 ಮಿ.ಮೀ. ದೊಡ್ಡದಾಗುತ್ತದೆ. ಅದೇ ಹೊತ್ತಿಗೆ ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿ ಇಟ್ಟಿದ್ದರೆ ಅದು ತನ್ನ ಭಾರಕ್ಕೇ ಟಪ್ಪನೆ ಕೂತುಬಿಡುತ್ತದೆ.

ಗೇರ್ ಬಾಕ್ಸಿನ ಖಾಲಿ ಕೇಸನ್ನು ಎಲೆಕ್ಟ್ರಿಕ್ ಒಲೆಯ ಮೇಲೆ ದಪ್ಪ ಹಂಚು ಇಟ್ಟು ಅದರ ಮೇಲೆ ನಿಧಾನವಾಗಿ ಕಾಯಿಸಿ. ನೀರಿನ ಹನಿ ಬಿಟ್ಟರೆ ಚುರ್ ಎಂದು ಆವಿಯಾಗುವಷ್ಟು ಸಾಕು. ಗ್ಯಾಸ್ ವೆಲ್ಡಿಂಗಿನ ಬೆಂಕಿಯನ್ನು ಒಂದೇ ಕಡೆ ಹಿಡಿಯಬೇಡಿ, ಕೇಸ್ ಸೊಟ್ಟಗಾಗುತ್ತದೆ. ಕಾಯಿಸುವ ಮುಂಚೆ ರಬ್ಬರ್ ಸೀಲ್ ತೆಗೆದಿರಬೇಕು, ಪೆಟ್ರೋಲಿನಲ್ಲಿ ತೊಳೆದಿದ್ದರೆ ಪೂರ್ತಿ ಆರಿರಬೇಕು. ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಬೇರಿಂಗನ್ನೇ ಕಾಯಿಸಿ, 120 ಡಿಗ್ರಿ ದಾಟಿಸಬೇಡಿ.

ಒತ್ತಲೇಬೇಕಾಗಿ ಬಂದರೆ ಕೇಸಿಗೆ ಹಾಕುವಾಗ ಹೊರಗಿನ ರೇಸ್ ಮೇಲೆ, ಶಾಫ್ಟಿಗೆ ಹಾಕುವಾಗ ಒಳಗಿನ ರೇಸ್ ಮೇಲೆ ಪೈಪ್ ತುಂಡು ಇಟ್ಟು ಒತ್ತಿ. ಇದನ್ನು ಅದಲು ಬದಲು ಮಾಡಿದರೆ ಬಲವೆಲ್ಲ ಬಾಲ್‌ಗಳ ಮೂಲಕ ಹೋಗಿ ಹೊಸ ಬೇರಿಂಗಿನಲ್ಲೇ ಗುಳಿ ಬೀಳುತ್ತದೆ.

ಹೊಸ ಬೇರಿಂಗ್ ಹಾಕಿ ಕೆಲವೇ ತಿಂಗಳಲ್ಲಿ ಮತ್ತೆ ಸದ್ದು. ಯಾಕೆ?

ಮೊದಲ ಆರೋಪಿ ಪ್ರೈಮರಿ ಚೈನಿನ ಬಿಗಿ. ಸದ್ದು ಬರಬಾರದೆಂದು ಚೈನನ್ನು ತಂತಿಯಂತೆ ಬಿಗಿದು ಕೊಡುವವರಿದ್ದಾರೆ. ತಣ್ಣಗಿದ್ದಾಗ ಬಿಗಿಯಾಗಿದ್ದ ಚೈನ್ ಬಿಸಿಯಾದಾಗ ಇನ್ನೂ ಬಿಗಿಯುತ್ತದೆ, ಏಕೆಂದರೆ ಕೇಸು ಹಿಗ್ಗಿ ಎರಡು ಶಾಫ್ಟುಗಳ ಅಂತರ ಹೆಚ್ಚುತ್ತದೆ. ಆಗ ಕ್ರ್ಯಾಂಕಿನ ಎಡ ಬೇರಿಂಗನ್ನು ಹಿಂದಕ್ಕೂ ಕ್ಲಚ್ ಶಾಫ್ಟನ್ನು ಮುಂದಕ್ಕೂ ಹಗಲಿಡೀ ಜಗ್ಗುತ್ತಿರುತ್ತದೆ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಹಾಫ್ ಕ್ಲಚ್ಚಿನಲ್ಲಿ ಹತ್ತಿ, ಚಾರ್ಮಾಡಿಯಲ್ಲಿ ಇಂಜಿನ್ ಬ್ರೇಕಿನಲ್ಲಿ ಇಳಿಯುವ ನಮ್ಮಂಥವರ ಗಾಡಿಯಲ್ಲಿ ಈ ಜಗ್ಗಾಟ ಇನ್ನೂ ಜಾಸ್ತಿ. ಈ ಗಾಡಿಯಲ್ಲಿ ಗೇರ್ ಬಾಕ್ಸ್ ಇಂಜಿನ್ನಿಗೆ ಬಿಗಿಯಾಗಿ ಬೋಲ್ಟ್ ಆಗಿರುವುದರಿಂದ ಅದನ್ನು ಸರಿಸಿ ಚೈನ್ ಬಿಗಿಯಲಾಗದು, ಕೆಳಗಿನ ಟೆನ್ಷನರ್ ಪ್ಯಾಡ್ ಒಂದೇ ದಾರಿ. ಕಿಕ್ಕರಿನಿಂದ ಇಂಜಿನ್ ನಿಧಾನ ತಿರುಗಿಸುತ್ತಾ ಮೇಲಿನ ಸಾಲನ್ನು ಹಲವು ಕಡೆ ಒತ್ತಿ ನೋಡಿ, ಅತಿ ಬಿಗಿಯಿರುವ ಜಾಗದಲ್ಲಿ ಸುಮಾರು 6 ಮಿ.ಮೀ. ಆಟ ಬಿಡಿ. ಬಿಗಿ ಜಾಗಕ್ಕೂ ಸಡಿಲ ಜಾಗಕ್ಕೂ ವ್ಯತ್ಯಾಸ ಬಹಳ ಇದ್ದರೆ ಚೈನೇ ಬದಲಿಸುವ ಕಾಲ.

ಎರಡನೆಯದು ಸ್ಪ್ರಾಕೆಟ್‌ಗಳ ನೇರ. ಎರಡೂ ಸ್ಪ್ರಾಕೆಟ್ಟಿನ ಮುಖಕ್ಕೆ ಉಕ್ಕಿನ ಅಳತೆ ಪಟ್ಟಿ ಆನಿಸಿ. ಹೊಂದದಿದ್ದರೆ ಶಿಮ್ (ತೆಳು ಲೋಹದ ವಾಷರ್) ಹಾಕಿ ಸರಿಪಡಿಸಿ. ಚೈನ್ ಪ್ಲೇಟಿನ ಒಳಮೈ ಒಂದು ಬದಿ ಮಾತ್ರ ಹೊಳೆಯುತ್ತಿದ್ದರೆ ಇದೇ ಕಾರಣ.

ಮೂರನೆಯದು ಬೇರಿಂಗ್ ಕೂರುವ ಮನೆಯೇ ಸಡಿಲಾಗಿರುವುದು. ಹೊರಗಿನ ರೇಸ್ ಕೇಸಿನೊಳಗೆ ಸುತ್ತಿ ಸುತ್ತಿ ಅಲ್ಯೂಮಿನಿಯಂ ಸವೆದಿರುತ್ತದೆ. ಹೊಸ ಬೇರಿಂಗ್ ಕಾಯಿಸದೆಯೇ ಬೆರಳಲ್ಲಿ ಒಳಗೆ ಹೋದರೆ ಅನುಮಾನವೇ ಬೇಡ. ಸುತ್ತಲೂ ಪಂಚಿನಿಂದ ಚುಕ್ಕಿ ಹೊಡೆದು ಬಿಗಿ ಮಾಡುವುದು ರಿಪೇರಿಯಲ್ಲ, ಆ ಚುಕ್ಕಿಗಳ ತುದಿ ಬೇಗ ಚಪ್ಪಟೆಯಾಗಿ ಬೇರಿಂಗ್ ಓರೆಯಾಗುತ್ತದೆ. ಸಡಿಲು ಕೂದಲೆಳೆಯಷ್ಟಿದ್ದರೆ ಬೇರಿಂಗಿಗೆಂದೇ ಬರುವ ಗಟ್ಟಿಯಾಗುವ ಅಂಟು ಸಾಕು. ಹೆಚ್ಚಿದ್ದರೆ ಒಳ್ಳೇ ಲೇತಿನವರಲ್ಲಿ ಮನೆಯನ್ನು ಬೋರ್ ಮಾಡಿಸಿ ಸ್ಲೀವ್ ಹಾಕಿಸಬೇಕು. ಖರ್ಚಾಗುತ್ತದೆ, ಆದರೆ ಕೇಸ್ ಉಳಿಯುತ್ತದೆ.

ಕ್ರ್ಯಾಂಕ್ ಬೇರಿಂಗನ್ನು ಮನೆಯಲ್ಲಿ ಹಾಕಬಹುದಾ?

ಬೇರಿಂಗ್ ಹಾಕುವುದು ಕಷ್ಟವಲ್ಲ. ಆದರೆ ಕೇಸ್ ತೆರೆದ ಮೇಲೆ ಬಿಗ್ ಎಂಡ್ ನೋಡಬೇಕು, ಎರಡು ಫ್ಲೈವೀಲ್ ಒಂದೇ ಗೆರೆಯಲ್ಲಿ ಸುತ್ತುತ್ತವೆಯೇ ಎಂದು ಡಯಲ್ ಗೇಜ್ ಇಟ್ಟು ನೋಡಬೇಕು. ಕ್ರ್ಯಾಂಕ್ ಓರೆ ಇದ್ದರೆ ಎಂಥ ಬೇರಿಂಗೂ ಬಾಳುವುದಿಲ್ಲ. ಇದು ಹಳೇ ಬುಲೆಟ್ ಕ್ರ್ಯಾಂಕ್ ಮಾಡಿ ಪಳಗಿದ ಕೈಗೇ ಬಿಡಬೇಕಾದ ಕೆಲಸ. ಕೊಡುವಾಗ ಬೇರಿಂಗ್ ಮಾತ್ರ ಅನ್ನದೆ, ಕ್ರ್ಯಾಂಕ್ ಟ್ರೂ ಮಾಡಿದ (ಓರೆ ತೆಗೆದು ನೇರ ಮಾಡಿದ) ಅಳತೆ ಬರೆದು ಕೊಡಿ ಎಂದು ಕೇಳಿ.

ಸದ್ದು ಇದ್ದೂ ಎಷ್ಟು ದಿನ ಓಡಿಸಬಹುದು?

ಡ್ರಮ್ಮಿನ ಬೇರಿಂಗ್ ಸಣ್ಣಗೆ ಗರ್ ಅನ್ನುತ್ತಿದ್ದರೆ ಪೇಟೆಗೆ ಹೋಗಿ ಬರಬಹುದು, ಬೇಗ ಮಾಡಿಸಿ. ಗೇರ್ ಬಾಕ್ಸಿನದಾದರೆ ದೂರ ಹೋಗಬೇಡಿ, ಚೂರಾದ ಬಾಲ್ ಗೇರಿನ ಹಲ್ಲಿಗೆ ಸಿಕ್ಕಿದರೆ ಹಿಂದಿನ ಚಕ್ರ ಓಡುತ್ತಿರುವಾಗಲೇ ಜಾಮ್ ಆಗುತ್ತದೆ. ಶಿರಾಡಿಯ ತಿರುವಿನಲ್ಲಿ ಹಾಗಾದರೆ ಪ್ರಾಣಕ್ಕೇ ಸಂಚಕಾರ. ಕ್ರ್ಯಾಂಕಿನದು ಎಂದು ಖಚಿತವಾದ ದಿನವೇ ಗಾಡಿ ನಿಲ್ಲಿಸಿ.

ಯೆಜ್ಡಿ, ಆರ್‌ಎಕ್ಸ್ 100 ಇರುವವರಿಗೂ ಇದೇ ಲೆಕ್ಕವಾ?

ಬೇರಿಂಗ್ ಓದುವುದು, ಕಾಯಿಸಿ ಹಾಕುವುದು ಎಲ್ಲಕ್ಕೂ ಒಂದೇ. ಉಳಿದದ್ದು ಬೇರೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಲ್ಲಿ ಪ್ರೈಮರಿ ಚೈನ್, ಕ್ಲಚ್, ಗೇರು ಎಲ್ಲ ಒಂದೇ ಎಣ್ಣೆಯಲ್ಲಿ ಓಡುತ್ತವೆ. ಆರ್‌ಎಕ್ಸ್ 100ರಲ್ಲಿ ಚೈನೇ ಇಲ್ಲ, ಬಲಗಡೆ ಗೇರ್ ಹಲ್ಲುಗಳ ಮೂಲಕ ಕ್ಲಚ್ ಸುತ್ತುತ್ತದೆ. ಎರಡೂ ಟೂ ಸ್ಟ್ರೋಕ್ ಆದ್ದರಿಂದ ಕ್ರ್ಯಾಂಕ್ ಬೇರಿಂಗ್ ಸವೆದು ಆ ಕಡೆಯ ಸೀಲ್ ಹೋದರೆ ಇಂಜಿನ್ ಗೇರ್ ಬಾಕ್ಸ್ ಎಣ್ಣೆಯನ್ನು ಹೀರಿ ಸುಡುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಗೇರ್ ಎಣ್ಣೆ ಮಾತ್ರ ಕಡಿಮೆಯಾಗುತ್ತಿದ್ದರೆ ಮೊದಲು ಅದನ್ನೇ ನೋಡಿ.

ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಏನು ಮಾಡಬೇಕು?

ಮೇ ಕೊನೆಯಲ್ಲಿ ಪ್ರೈಮರಿ ಎಣ್ಣೆ ಹೊಸದು ಹಾಕಿ ಒಂದರ್ಧ ಗಂಟೆ ಓಡಿಸಿ ನಿಲ್ಲಿಸಿ. ಕೆಟ್ಟ ಎಣ್ಣೆಯಲ್ಲಿ ನಾಲ್ಕು ತಿಂಗಳು ನೆನೆಯುವುದೇ ಬೇರಿಂಗಿಗೆ ದೊಡ್ಡ ಶತ್ರು. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಬಿಡಿ, ಅದರಿಂದ ತೇವ ಸೇರುತ್ತದೆಯೇ ಹೊರತು ಹೋಗುವುದಿಲ್ಲ. ಮಳೆ ಬಿಟ್ಟ ದಿನ ಅರ್ಧ ಗಂಟೆ ಚೆನ್ನಾಗಿ ಓಡಿಸಲು ಆಗುವುದಾದರೆ ತೆಗೆಯಿರಿ. ಆಗದಿದ್ದರೆ ಕಿಕ್ಕರನ್ನು ಕೈಯಲ್ಲಿ ನಾಲ್ಕೈದು ಸಲ ನಿಧಾನ ಒತ್ತಿ ಚೈನ್ ಮತ್ತು ಬೇರಿಂಗ್ ನಿಂತ ಜಾಗ ಬದಲಿಸಿ. ಅಕ್ಟೋಬರ್‌ನಲ್ಲಿ ಲೆವೆಲ್ ಸ್ಕ್ರೂ ತೆಗೆದು ಬರುವ ಎಣ್ಣೆಯ ಬಣ್ಣ ನೋಡಿ. ಬಿಳಿಚಿದ್ದರೆ ದೂರದ ಓಟಕ್ಕೆ ಮೊದಲು ಬದಲಿಸಿ, ಕವರ್ ತೆಗೆದಿರುವಾಗಲೇ ಡ್ರಮ್ಮು ಅಲ್ಲಾಡಿಸಿ, ಚೈನಿನ ಆಟ ಅಳೆದು ಮುಚ್ಚಿ.